ಹಲಗೆಯ ಮೇಲೆ ಮೂರು ಗೆರೆ

ದಂಡನಾಯಕತ್ವ ರಕ್ತದಲ್ಲೇ ಬರುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿಯೇ ಇದೆ. 1871ರಲ್ಲಿ ಫೀಲ್ಡ್ ಮಾರ್ಷಲ್ ಆದ ಹೆಲ್ಮುಟ್ ಫಾನ್ ಮೋಲ್ಟ್‌ಕೆಯ ಆರಂಭದ ದಿನಗಳನ್ನು ನೋಡಿದರೆ ಅದು ನಿಲ್ಲುವುದಿಲ್ಲ. 1800ರಲ್ಲಿ ಪಾರ್ಕಿಮ್‌ನಲ್ಲಿ ಹುಟ್ಟಿದ ಆತ ಕೋಪನ್‌ಹೇಗನ್ನಿನ ಕೆಡೆಟ್ ಶಾಲೆಯಲ್ಲಿ ಓದಿ, ಡೆನ್ಮಾರ್ಕಿನ ಸೇನೆ ಸೇರಿ, 1822ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯದ ಸೇನೆಗೆ ಬಂದ. ಬರ್ಲಿನ್ನಿನ ಯುದ್ಧಶಾಲೆಯ ನಂತರ, 1828ರಿಂದ ಸಿಕ್ಕಿದ್ದು ಪ್ರಷ್ಯದ ಪ್ರಾಂತ್ಯಗಳಾದ ಸೈಲೀಸಿಯಾ, ಪೋಸೆನ್‌ಗಳ ಮೋಜಣಿ ಕೆಲಸ. ಆತನನ್ನು ತಿದ್ದಿದ್ದು ಇದೇ.

ಆ ಕಾಲದ ಸಾಧನ ಪ್ಲೇನ್ ಟೇಬಲ್: ಮುಕ್ಕಾಲಿಯ ಮೇಲೆ ಮಟ್ಟಸವಾಗಿ ಕೂರಿಸಿದ ಹಲಗೆ, ಅದರ ಮೇಲೆ ಕಾಗದ, ಗುರಿ ನೋಡುವ ಪಟ್ಟಿ. ಎರಡು ಗೂಟಗಳ ನಡುವಿನ ದೂರ ಅಳೆದು ಕಾಗದಕ್ಕೆ ಇಳಿಸಬೇಕು. ಮೊದಲ ಗೂಟದಲ್ಲಿ ನಿಂತು ದೂರದ ಚರ್ಚ್ ಗೋಪುರದತ್ತ ಗೆರೆ ಎಳೆಯಬೇಕು. ಎರಡನೆಯದಕ್ಕೆ ಹೋಗಿ, ಹಿಂದಿನ ಗೂಟ ನೋಡಿ ಹಲಗೆಯ ದಿಕ್ಕು ಸರಿಪಡಿಸಿಕೊಂಡು, ಮತ್ತೆ ಗೋಪುರಕ್ಕೆ ಗೆರೆ. ಎರಡೂ ಕೂಡಿದಲ್ಲಿ ಗೋಪುರ! ನಡುವೆ ಹೊಳೆಯಿದ್ದರೂ ಅಡ್ಡಿಯಿಲ್ಲ. ನಮ್ಮ ಎರಡು ಕಣ್ಣು ಮಾಡುವುದೂ ಇದನ್ನೇ. ಒಂದನ್ನು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ. ಎರಡು ಬೀದಿಯಲ್ಲಿ ನಿಂತ ಇಬ್ಬರು ತೇರಿನ ಕಳಸದತ್ತ ಕೈ ತೋರಿಸಿದರೆ ತೇರು ಎಲ್ಲಿದೆಯೆಂದು ತಿಳಿಯುವುದೂ ಹೀಗೆಯೇ. ಆದರೆ ಗೆರೆಗಳ ನಡುವಿನ ಕೋನ 30 ಡಿಗ್ರಿಗಿಂತ ಕಿರಿದಾದರೆ ಬಿಂದು ಜಾರುತ್ತದೆ. ಹಲಗೆ ಒಂದು ಡಿಗ್ರಿ ತಿರುಗಿದರೂ 1 ಕಿಲೋಮೀಟರ್ ದೂರದ ಗೋಪುರ ಸುಮಾರು 17 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಮೂರನೇ ಜಾಗದಿಂದ ಇನ್ನೊಂದು ಗೆರೆ. ಮೂರೂ ಕೂಡದೆ ಪುಟ್ಟ ತ್ರಿಕೋನ ಮೂಡಿದರೆ ಎಲ್ಲೋ ತಪ್ಪಿದೆ ಎಂದರ್ಥ.

1835ರಲ್ಲಿ ಆಟೊಮನ್ ಸುಲ್ತಾನನ ನಾಡಿಗೆ ಹೋದವನು ಇಸ್ತಾಂಬುಲ್‌ನ ನಕ್ಷೆಯನ್ನೂ ಬರೆದ. 1839ರ ಜೂನ್ 24ರಂದು ಆಟೊಮನ್ನರಿಗೂ ಈಜಿಪ್ಟಿಗೂ ನಡೆದ ನೆಝಿಬ್ ಕಾಳಗದಲ್ಲಿದ್ದ, ಸೋತ ಆಟೊಮನ್ ಪಕ್ಷದಲ್ಲಿ. ಈಜಿಪ್ಟಿನ ಪಡೆ ಮಗ್ಗುಲಿಗೆ ಸುತ್ತಿ ಬರುತ್ತಿದೆ, ಬಿರೆಜಿಕ್‌ನ ಭದ್ರ ಶಿಬಿರಕ್ಕೆ ಸರಿಯೋಣ ಎಂದು ಹೇಳಿದರೂ ಆಟೊಮನ್ ದಂಡನಾಯಕ ಹಾಫಿಝ್ ಪಾಶಾ ಒಪ್ಪಲಿಲ್ಲ. ನೆಲ ಓದಬಲ್ಲವನ ಮಾತಿಗೆ ಬೆಲೆ ಸಿಗದಿದ್ದರೆ ಆಗುವುದು ಇಷ್ಟೇ.

1857ರಲ್ಲಿ ಪ್ರಷ್ಯದ ಜನರಲ್ ಸ್ಟಾಫ್, ಅಂದರೆ ಯುದ್ಧದ ಯೋಜನೆ ಹಾಕುವ ಅಧಿಕಾರಿಗಳ ತಂಡ, ಆತನ ಕೈಗೆ ಬಂತು. 1866ರಲ್ಲಿ ಆಸ್ಟ್ರಿಯದ ವಿರುದ್ಧ ಐದು ರೈಲು ಮಾರ್ಗಗಳಲ್ಲಿ ಪಡೆಗಳನ್ನು ಹಂಚಿ ತಂದ. ಒಂದೇ ದಾರಿಗೆ ಎಲ್ಲರನ್ನೂ ತುರುಕಿದರೆ ತಲೆ ಕಾದಾಡುವಾಗ ಬಾಲ ಇನ್ನೂ ಹಿಂದೆಯೇ ಇರುತ್ತದೆ. ಪ್ರಷ್ಯದ ಮೂರು ಸೇನೆ ಬೇರೆ ಬೇರೆ ದಿಕ್ಕಿನಿಂದ ಬಂದು ಬೊಹೀಮಿಯಾದ ಕ್ಯೋನಿಗ್‌ಗ್ರೆಟ್ಸ್ ಬಳಿ ಕೂಡಬೇಕು. ಜುಲೈ 2ರ ರಾತ್ರಿ ಟೆಲಿಗ್ರಾಫ್ ಕೈಕೊಟ್ಟಿತು. ಆಜ್ಞೆ ಕುದುರೆಯ ಮೇಲೆ ಹೋಗಿ, ಬೆಳಗಿನ ಜಾವ 4 ಗಂಟೆಗೆ ಪ್ರಷ್ಯದ ಯುವರಾಜನ ಸೇನೆಗೆ ತಲುಪಿತು. ಮಳೆ, ಮಂಜಿನಲ್ಲಿ ದಾರಿ ತಪ್ಪದಂತೆ ಆ ಸೇನೆ ಹಿಡಿದ ಗುರುತು, ಹೊರ್ಝಿನೆವೆಸ್ ಗುಡ್ಡದ ಮೇಲೆ ಎದ್ದು ಕಾಣುತ್ತಿದ್ದ ಮರಗಳು. ಮಧ್ಯಾಹ್ನದ ಹೊತ್ತಿಗೆ ಆಸ್ಟ್ರಿಯನ್ನರ ಬಲಮಗ್ಗುಲಿಗೆ ಮೂರನೇ ಗೆರೆ ಬಂದು ಕೂಡಿತು.