ಲಸಿಕೆ ಲೆಕ್ಕದಲ್ಲಿ ಉಳಿದುಹೋದವರು

2022ರ ಜನವರಿಯಲ್ಲಿ ಹಾಂಕಾಂಗ್‌ನ ಕೋವಿಡ್ ಲಸಿಕೆಯ ಒಟ್ಟು ಅಂಕಿ ನೋಡಿದವರಿಗೆ ಗಾಬರಿಯಾಗುವಂಥದ್ದೇನೂ ಕಾಣುತ್ತಿರಲಿಲ್ಲ. ಊರಿನ ಅರ್ಧಕ್ಕಿಂತ ಜಾಸ್ತಿ ಜನ ಎರಡೂ ಡೋಸ್ ಹಾಕಿಸಿಕೊಂಡಿದ್ದರು. ಲಸಿಕೆಗೆ ಕೊರತೆ ಇರಲಿಲ್ಲ, ದುಡ್ಡೂ ಕೊಡಬೇಕಿರಲಿಲ್ಲ. ಆಮೇಲೆ ವೈರಸ್ಸಿನ ಹೊಸ ರೂಪ ಓಮಿಕ್ರಾನ್ ಬಂತು. ಮಾರ್ಚ್ ಹೊತ್ತಿಗೆ ಜನಸಂಖ್ಯೆಗೆ ಹೋಲಿಸಿದರೆ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಕೋವಿಡ್ ಸಾವುಗಳು ನಡೆಯುತ್ತಿದ್ದ ಜಾಗಗಳಲ್ಲಿ ಹಾಂಕಾಂಗ್ ಕೂಡ ಒಂದಾಗಿತ್ತು.

ಆಗಿದ್ದೇನು? ಲಸಿಕೆ ಹಾಕಿಸಿಕೊಂಡವರಲ್ಲಿ ನಡುವಯಸ್ಸಿನವರೇ ಜಾಸ್ತಿ. ವಯಸ್ಸು ಏರುತ್ತಾ ಹೋದಂತೆ ಲಸಿಕೆಯ ಅಂಕಿ ಇಳಿಯುತ್ತಾ ಹೋಗಿತ್ತು. 80 ದಾಟಿದವರಲ್ಲಂತೂ ಎರಡು ಡೋಸ್ ಆದವರು ಅರ್ಧದಷ್ಟೂ ಇರಲಿಲ್ಲ. ಊರೊಳಗೆ ಸೋಂಕು ಹೆಚ್ಚು ಇರಲಿಲ್ಲವಾದ್ದರಿಂದ ಹಿರಿಯರಿಗೆ ರೋಗಕ್ಕಿಂತ ಸೂಜಿಯ ಭಯವೇ ದೊಡ್ಡದಾಗಿತ್ತು. ‘ಬಿಪಿ ಇದೆ, ಶುಗರ್ ಇದೆ, ಈಗಲೇ ಬೇಡ’ ಎಂದು ತುಂಬಾ ಜನ ಮುಂದೂಡಿದ್ದರು. ಆ ಅಲೆಯ ಮೊದಲ ವಾರಗಳಲ್ಲಿ ತೀರಿಕೊಂಡವರಲ್ಲಿ ಶೇ. 96ರಷ್ಟು ಮಂದಿ 60 ದಾಟಿದವರು. ಅವರಲ್ಲೂ ಸುಮಾರು ಶೇ. 70 ಮಂದಿ ಒಂದು ಡೋಸನ್ನೂ ಹಾಕಿಸಿಕೊಂಡಿರಲಿಲ್ಲ. ಅದೇ ಹೊತ್ತಿಗೆ ನ್ಯೂಜಿಲೆಂಡ್‌ನಲ್ಲೂ ಓಮಿಕ್ರಾನ್ ಹಬ್ಬಿತು. ಅಲ್ಲಿ ಹಿರಿಯರಲ್ಲಿ ಬಹುತೇಕ ಎಲ್ಲರಿಗೂ ಲಸಿಕೆ ಆಗಿತ್ತು. ಸಾವುಗಳು ತೀರಾ ಕಡಿಮೆ.

ಒಂದು ಊರಿನ ಲಸಿಕೆ ಅಭಿಯಾನ ಎಲ್ಲಿಗೆ ಬಂತು ಎಂದು ಕೇಳಿದಾಗ ನಮಗೆ ಸಿಗುವುದು ಒಂದು ಶೇಕಡಾವಾರು ಅಂಕಿ. ಆ ಅಂಕಿಗೆ 20ರ ಹುಡುಗನೂ ಒಬ್ಬನೇ, 85ರ ಅಜ್ಜಿಯೂ ಒಬ್ಬರೇ. ಕೋವಿಡ್ ಹಾಗೆ ಎಣಿಸುವುದಿಲ್ಲ. ಹರೆಯದವರಿಗೆ ಹೋಲಿಸಿದರೆ ಈ ವಯಸ್ಸಿನವರಿಗೆ ಸಾವಿನ ಅಪಾಯ ನೂರಾರು ಪಟ್ಟು ಜಾಸ್ತಿ. ಹಾಗಾಗಿ ಎರಡು ಊರುಗಳ ಫಲಕದಲ್ಲಿ ‘ಶೇ. 85’ ಎಂದೇ ಬರೆದಿದ್ದರೂ, ಉಳಿದ ಶೇ. 15 ಮಂದಿ ಯಾರು ಎನ್ನುವುದರ ಮೇಲೆ ಒಂದು ಊರು ಸುರಕ್ಷಿತವಾಗಿರಬಹುದು, ಇನ್ನೊಂದು ದೊಡ್ಡ ಅಪಾಯದ ಅಂಚಿನಲ್ಲಿರಬಹುದು. ನಾನು ಯಾವ ಅಭಿಯಾನದ ಲೆಕ್ಕ ನೋಡಿದರೂ ಮೊದಲು ಹುಡುಕುವುದು ವಯಸ್ಸಿನ ಕಾಲಂ. ಅದಿಲ್ಲದ ಅಂಕಿಯಿಂದ ಊರಿನ ಸ್ಥಿತಿ ತಿಳಿಯುವುದಿಲ್ಲ.

ಶೇಕಡಾ ಅಂದಮೇಲೆ ಯಾವುದರ ಶೇಕಡಾ ಎನ್ನುವ ಪ್ರಶ್ನೆಯೂ ಇದೆ ಅಲ್ವಾ? ಭಾಗಾಕಾರದ ಮೇಲಿನ ಸಂಖ್ಯೆ, ಅಂದರೆ ಲಸಿಕೆ ಪಡೆದವರದು, ಬಹುಮಟ್ಟಿಗೆ ಪಕ್ಕಾ ಇರುತ್ತದೆ, ಏಕೆಂದರೆ ಕೊಟ್ಟ ಡೋಸ್ ದಾಖಲಾಗುತ್ತದೆ. ಕೆಳಗಿನ ಸಂಖ್ಯೆ, ಅಂದರೆ ಊರಿನ ಒಟ್ಟು ಜನ, ಬರೀ ಅಂದಾಜು. ಹಳೆಯ ಜನಗಣತಿಯಿಂದ ಲೆಕ್ಕ ಹಾಕಿದ್ದರೆ ಊರು ಬಿಟ್ಟು ಹೋದವರೂ ಅದರಲ್ಲಿರುತ್ತಾರೆ, ಹೊಸದಾಗಿ ಬಂದವರು ಇರುವುದಿಲ್ಲ. ಪಕ್ಕದ ಊರಿನವರು ಇಲ್ಲಿ ಬಂದು ಲಸಿಕೆ ಹಾಕಿಸಿಕೊಂಡರೆ ಅಂಕಿ ಶೇ. 100 ದಾಟುವುದೂ ಉಂಟು. ಇಂಗ್ಲೆಂಡ್‌ನಂಥ ದೇಶದಲ್ಲೇ ವೈದ್ಯರ ನೋಂದಣಿಯಿಂದ ಎಣಿಸಿದ ಜನಸಂಖ್ಯೆಗೂ ಸರ್ಕಾರದ ಅಂಕಿಅಂಶ ಕಚೇರಿಯ ಅಂದಾಜಿಗೂ ಲಕ್ಷಗಟ್ಟಲೆ ವ್ಯತ್ಯಾಸ ಬಂತು. ಊರಿಗೆ ಊರೇ ಲಸಿಕೆ ಪಡೆದಿದ್ದರೂ ಕೆಲವರು ‘ಉಳಿದವರು’ ಎಂದು ಕಾಗದದ ಮೇಲೆ ಇದ್ದೇ ಇರುತ್ತಾರೆ. ನಿಜವಾಗಿ ಉಳಿದವರು ಕೆಲವೊಮ್ಮೆ ಕಾಗದದಲ್ಲೇ ಇರುವುದಿಲ್ಲ.

ಎರಡನೇ ಡೋಸ್‌ನ ಅಂಕಿಯನ್ನೂ ಸುಮ್ನೆ ಓದಿದರೆ ತಪ್ಪು ತಿಳಿಯುತ್ತದೆ. ಭಾರತದಲ್ಲಿ 2021ರ ಜನವರಿ 16ರಂದು ಅಭಿಯಾನ ಶುರುವಾದಾಗ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ 4ರಿಂದ 6 ವಾರ ಅಂತರ ಇತ್ತು. ಮಾರ್ಚ್‌ನಲ್ಲಿ ಅದು 6ರಿಂದ 8 ವಾರವಾಯಿತು, ಮೇ ತಿಂಗಳಲ್ಲಿ 12ರಿಂದ 16 ವಾರ. ಬ್ರಿಟನ್ 2020ರ ಕೊನೆಯಲ್ಲೇ 12 ವಾರಕ್ಕೆ ಹೋಗಿತ್ತು. ಇರುವಷ್ಟು ಲಸಿಕೆ ಮೊದಲು ಜಾಸ್ತಿ ಜನರಿಗೆ ಸಿಗಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮೈಯೊಳಗೇ ಇದೆ. ಮೊದಲ ಡೋಸ್ ಆದ ಮೇಲೆ ದುಗ್ಧಗ್ರಂಥಿಗಳಲ್ಲಿ ಬಿ ಕೋಶಗಳು, ಅಂದರೆ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ಕೋಶಗಳು, ವಾರಗಟ್ಟಲೆ ಪಳಗುತ್ತವೆ. ವೈರಸ್ಸನ್ನು ಚೆನ್ನಾಗಿ ಹಿಡಿಯಬಲ್ಲವು ಉಳಿಯುತ್ತವೆ, ಮಿಕ್ಕವು ಬಿದ್ದುಹೋಗುತ್ತವೆ. ಈ ಕೆಲಸಕ್ಕೆ ಸಮಯ ಕೊಟ್ಟು ಎರಡನೇ ಡೋಸ್ ಹಾಕಿದರೆ ಪ್ರತಿಕಾಯಗಳು ಹೆಚ್ಚು ಹುಟ್ಟುತ್ತವೆ. ಹಾಗಾಗಿ ಮೊದಲ ಡೋಸ್ ಶೇ. 60, ಎರಡನೆಯದು ಶೇ. 15 ಎಂದಿದ್ದರೆ ‘ಜನ ವಾಪಸ್ ಬರ್ತಿಲ್ಲ’ ಎಂದು ಹೇಳುವ ಹಾಗಿಲ್ಲ. ಅವರಲ್ಲಿ ಎಷ್ಟು ಜನರ ದಿನ ಬಂದಿದೆ, ಬಂದೂ ಎಷ್ಟು ವಾರ ದಾಟಿದೆ ಎನ್ನುವುದೇ ಸರಿಯಾದ ಅಳತೆ.

ಇನ್ನು ವ್ಯರ್ಥವಾಗುವ ಲಸಿಕೆ. ಈ ವಿಷಯದಲ್ಲಿ ಕೆಳಮಟ್ಟದ ಸಿಬ್ಬಂದಿಗೆ ತುಂಬಾ ಅನ್ಯಾಯವಾಗಿದೆ ಎಂದು ನನಗನಿಸುತ್ತದೆ. ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ, ಅಂದರೆ ಲಸಿಕೆಯ ಸಣ್ಣ ಸೀಸೆಯಲ್ಲಿ, 10 ಡೋಸ್, ಒಂದೊಂದೂ ಅರ್ಧ ಮಿಲಿಲೀಟರ್. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ. ರಬ್ಬರ್ ಮುಚ್ಚಳಕ್ಕೆ ಮೊದಲ ಸೂಜಿ ಚುಚ್ಚಿದ ಕ್ಷಣದಿಂದ ಹೊರಗಿನ ಬ್ಯಾಕ್ಟೀರಿಯಾ ಒಳಗೆ ಸೇರುವ ಸಾಧ್ಯತೆ ಶುರು. ಅದಕ್ಕೇ ನರ್ಸ್ ವಯಲ್ ಮೇಲೆ ತೆರೆದ ಹೊತ್ತು ಬರೆಯಬೇಕಿತ್ತು. 4 ಗಂಟೆ ದಾಟಿದರೆ ಉಳಿದದ್ದು ಎಸೆಯಬೇಕಿತ್ತು. ಫೈಜರ್ ಲಸಿಕೆಯದು ಇನ್ನೂ ನಾಜೂಕು. ವಯಲ್‌ನಲ್ಲಿ ಬರೀ 0.45 ಮಿಲಿಲೀಟರ್ ಇರುತ್ತಿತ್ತು. ಅದಕ್ಕೆ 1.8 ಮಿಲಿಲೀಟರ್ ಉಪ್ಪುನೀರಿನ ದ್ರಾವಣ ಸೇರಿಸಿ, ಕುಲುಕದೆ, ಮೆಲ್ಲಗೆ 10 ಸಲ ತಲೆಕೆಳಗು ಮಾಡಬೇಕಿತ್ತು. ಒಳಗಿರುವ ಕೊಬ್ಬಿನ ಸಣ್ಣ ಕಣಗಳು ಜೋರಾಗಿ ಕುಲುಕಿದರೆ ಹಾಳಾಗುತ್ತವೆ. ಮೊದಲು ಒಂದು ವಯಲ್‌ಗೆ 5 ಡೋಸ್ ಎಂದೇ ಲೆಕ್ಕ ಇತ್ತು. ಸಾಮಾನ್ಯ ಸಿರಿಂಜ್‌ನಲ್ಲಿ ಪ್ರತಿ ಸಲ ಸ್ವಲ್ಪ ಮದ್ದು ಸೂಜಿಯ ಬುಡದಲ್ಲೇ ಉಳಿದುಬಿಡುತ್ತದೆ. ಆ ಜಾಗ ಕಡಿಮೆ ಇರುವ ಸಿರಿಂಜ್ ಬಳಸಿದರೆ ಅದೇ ವಯಲ್‌ನಿಂದ ಆರನೆಯ ಡೋಸ್ ಬರುತ್ತದೆ ಎಂದು ಗೊತ್ತಾಗಿ, 2021ರ ಜನವರಿಯಲ್ಲಿ ಯುರೋಪಿನ ಔಷಧ ಸಂಸ್ಥೆ ಲೆಕ್ಕವನ್ನೇ ಬದಲಿಸಿತು. ಬರೀ ಸಿರಿಂಜ್ ಬದಲಾದದ್ದಕ್ಕೆ ಲಸಿಕೆ ಐದನೇ ಒಂದು ಭಾಗ ಹೆಚ್ಚಿತು!

ಈಗ ಅಭಿಯಾನದ ಕೊನೆಯ ಹಂತ ನೆನೆಸಿಕೊಳ್ಳಿ. ಮಧ್ಯಾಹ್ನ ಮೂರು ಗಂಟೆ. ಲಸಿಕೆಯ ತಂಪು ಪೆಟ್ಟಿಗೆಯಲ್ಲಿ ತೆರೆಯದ 10 ಡೋಸ್‌ನ ವಯಲ್ ಒಂದಿದೆ. ಬಂದಿರುವುದು ಒಬ್ಬ ವೃದ್ಧರು, ಮಗನ ಬೈಕ್ ಮೇಲೆ. ತೆರೆದರೆ ಒಂಬತ್ತು ಡೋಸ್ ಚೆಲ್ಲಬೇಕಾಗಬಹುದು, ಮೇಲಿನವರು ಕಾರಣ ಕೇಳಬಹುದು. ‘ನಾಳೆ ಬನ್ನಿ’ ಎಂದರೆ ಅವರು ಬಾರದೇ ಇರಬಹುದು. ಲಸಿಕೆ ಸಿಗದೆ ಜನ ಪರದಾಡುತ್ತಿದ್ದಾಗ ಕಾಯಿಸುವುದರಲ್ಲಿ ಅರ್ಥ ಇತ್ತು. ದಾಸ್ತಾನು ಸಾಕಷ್ಟಾದ ಮೇಲೆ ಅದು ತಲೆಕೆಳಗಾದ ಲೆಕ್ಕ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಇದನ್ನು ಬಿಡಿಸಿಯೇ ಹೇಳಿತು: ವ್ಯರ್ಥವಾದರೂ ಸರಿ, ಬಂದವರನ್ನು ವಾಪಸ್ ಕಳಿಸಬೇಡಿ. ನನ್ನ ಪ್ರಕಾರ ಕೊನೆಯ ಹಂತದಲ್ಲಿ ಒಂದು ಕೇಂದ್ರದ ವ್ಯರ್ಥದ ಪ್ರಮಾಣ ಸ್ವಲ್ಪ ಏರಿದರೆ ಅದು ಒಳ್ಳೆಯ ಸೂಚನೆ. ಅಲ್ಲಿ ಯಾರೋ ಒಬ್ಬಂಟಿ ಬಂದವರಿಗಾಗಿಯೂ ವಯಲ್ ತೆರೆಯುತ್ತಿದ್ದಾರೆ.

ಅಭಿಯಾನ ಚೆನ್ನಾಗಿ ನಡೆದ ಊರುಗಳಲ್ಲೇ ಏಳುವ ಇನ್ನೊಂದು ಗೊಂದಲ ಇದೆ. ‘ಆಸ್ಪತ್ರೆ ಸೇರಿದವರಲ್ಲಿ ಲಸಿಕೆ ಪಡೆದವರೇ ಜಾಸ್ತಿ, ಮತ್ತೆ ಲಸಿಕೆ ಯಾಕೆ?’ ಲೆಕ್ಕ ಮಾಡಿ ನೋಡೋಣ. ಊರಲ್ಲಿ 2,000 ಹಿರಿಯರು, 1,900 ಮಂದಿಗೆ ಲಸಿಕೆ ಆಗಿದೆ, 100 ಮಂದಿಗೆ ಆಗಿಲ್ಲ ಅನ್ನಿ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ 10 ಮಂದಿ ಆಸ್ಪತ್ರೆ ಸೇರುತ್ತಾರೆ, ಇದ್ದವರಲ್ಲಿ ನೂರಕ್ಕೆ ಒಬ್ಬರು ಎಂದಿಟ್ಟುಕೊಳ್ಳಿ. ಆಗ ವಾರ್ಡಿನಲ್ಲಿ ಲಸಿಕೆ ಇಲ್ಲದವರು 10, ಲಸಿಕೆ ಪಡೆದವರು 19. ನೋಡಿದವರಿಗೆ ಲಸಿಕೆ ಸೋತಂತೆ ಕಾಣುತ್ತದೆ. ಆದರೆ ಯಾರಿಗೂ ಲಸಿಕೆ ಇಲ್ಲದಿದ್ದರೆ ಅಲ್ಲಿ 200 ಮಂದಿ ಇರುತ್ತಿದ್ದರು. ಅಂಕಿ ಸುಳ್ಳಲ್ಲ, ಕೇಳಿದ ಪ್ರಶ್ನೆ ತಪ್ಪು. ಇದನ್ನು ಬಿಡಿಸಿ ಹೇಳುವ ಕೆಲಸ ಆರೋಗ್ಯ ಇಲಾಖೆಗಳು ಎಷ್ಟೋ ಕಡೆ ತಡವಾಗಿ ಮಾಡಿದವು. ಅಷ್ಟರಲ್ಲಿ ಹಿಂಜರಿಯುತ್ತಿದ್ದವರು ಇನ್ನಷ್ಟು ಹಿಂದೆ ಸರಿದಿದ್ದರು.

ಶುರುವಿನಲ್ಲಿ ಶೇ. 60–70 ಮಂದಿಗೆ ಲಸಿಕೆ ಆದರೆ ಸಾಕು, ವೈರಸ್ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಇತ್ತು. ಡೆಲ್ಟಾ, ಓಮಿಕ್ರಾನ್ ಅದನ್ನು ಮುರಿದವು. ಹರಡುವ ವೇಗ ಹೆಚ್ಚಿತು, ಸೋಂಕು ತಡೆಯುವ ಶಕ್ತಿ ಕೆಲವು ತಿಂಗಳಲ್ಲಿ ಕುಗ್ಗಿತು. ತೀವ್ರ ಕಾಯಿಲೆ ಮತ್ತು ಸಾವಿನಿಂದ ಕಾಯುವ ಶಕ್ತಿ ಮಾತ್ರ ಹೆಚ್ಚು ಕಾಲ ಉಳಿಯಿತು. ಅಂದರೆ ಲಸಿಕೆ ಪಡೆಯದ ಹಿರಿಯರನ್ನು ಸುತ್ತಲಿನವರ ಲಸಿಕೆ ಪೂರ್ತಿಯಾಗಿ ಕಾಯಲಾರದು. ಅವರಿಗೆ ಅವರ ಡೋಸೇ ಬೇಕು.

ಉಳಿದವರೆಲ್ಲ ಲಸಿಕೆಯ ವಿರೋಧಿಗಳು ಎಂದುಕೊಳ್ಳುವುದು ತಪ್ಪು. ಹಾಸಿಗೆ ಹಿಡಿದವರು, ಫೋನ್ ಇಲ್ಲದೆ ನೋಂದಣಿ ಆಗದವರು, ಜ್ವರ ಬಂದರೆ ಎರಡು ದಿನದ ಕೂಲಿ ಹೋಗುತ್ತದೆ ಎಂದು ಹೆದರಿದವರು, ಒಮ್ಮೆ ಬಂದು ಲಸಿಕೆ ಮುಗಿದಿದೆ ಎಂದು ವಾಪಸ್ ಹೋದವರು. ಇವರಲ್ಲಿ ಒಬ್ಬೊಬ್ಬರಿಗೂ ಬೇಕಾದದ್ದು ಬೇರೆ. ಭಾರತದಲ್ಲಿ 2021ರ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ಆಗಿತ್ತು. ಅದಾಗಿ ಎರಡು ವಾರ ಕಳೆಯುವ ಮೊದಲೇ ಮನೆ ಮನೆ ಬಾಗಿಲು ತಟ್ಟುವ ಅಭಿಯಾನ ಶುರುಮಾಡಬೇಕಾಯಿತು. ಅಲ್ಲಿಂದ ಮುಂದೆ ದಿನದ ಅಂಕಿ ಇಳಿಯುವುದು ಸಹಜ. ಶಿಬಿರದಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಸಂಖ್ಯೆಗೆ ಮನೆಗಳಲ್ಲಿ ಇಡೀ ದಿನ ಬೇಕು. ಆ ದಿನದ ಎಂಟು ಡೋಸ್‌ನಲ್ಲಿ ಐದು 80 ದಾಟಿದವರಿಗೆ ಹೋಗಿದ್ದರೆ, ಅದು ಶಿಬಿರದ ಎಷ್ಟೋ ಡೋಸ್‌ಗಳಿಗಿಂತ ಹೆಚ್ಚು ಜೀವ ಉಳಿಸಬಲ್ಲದು.

ವಿಶ್ವ ಆರೋಗ್ಯ ಸಂಸ್ಥೆ 2022ರ ಮಧ್ಯದ ಹೊತ್ತಿಗೆ ಪ್ರತಿ ದೇಶದಲ್ಲೂ ಶೇ. 70 ಮಂದಿಗೆ ಲಸಿಕೆ ಎಂಬ ಗುರಿ ಇಟ್ಟುಕೊಂಡಿತ್ತು. ಆ ವರ್ಷದ ಜುಲೈನಲ್ಲಿ ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿತು: ಮೊದಲು ಆರೋಗ್ಯ ಸಿಬ್ಬಂದಿಯಲ್ಲಿ, ಹಿರಿಯರಲ್ಲಿ, ಹೆಚ್ಚಿನ ಅಪಾಯದಲ್ಲಿರುವವರಲ್ಲಿ ಒಬ್ಬರೂ ಬಿಟ್ಟುಹೋಗಬಾರದು. ಈ ಗುರಿಯನ್ನು ರಾಜಧಾನಿಯಲ್ಲಿ ಕೂತು ಮುಟ್ಟಲಾಗದು. ಅದಕ್ಕೆ ಬೇಕಾದದ್ದು ಪ್ರತಿ ಬೀದಿಯಲ್ಲಿ 60 ದಾಟಿದವರ ಹೆಸರು, ಅವರ ಕೊನೆಯ ಡೋಸ್‌ನ ದಿನಾಂಕ, ಬಾರದೇ ಇದ್ದರೆ ಕಾರಣ, ಮತ್ತೆ ಅವರ ಮನೆಗೆ ಹೋಗುವ ಒಬ್ಬರು. ಆ ಪಟ್ಟಿ ಇಟ್ಟುಕೊಂಡಿದ್ದ ಕೇಂದ್ರಗಳಿಗೆ ಮುಂದಿನ ಡೋಸ್ ಯಾರಿಗೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ.