ಒಪಿಡಿ ಗದ್ದಲದ ನಡುವೆ ತಡವರಿಸುವ ಇಂಟರ್ನ್‌ಗೆ ಕಲಿಸುವುದು

ಹೊಸದಾಗಿ ಸೀನಿಯರ್ ರೆಸಿಡೆಂಟ್ ಆದವರಿಗಾಗಿ ಈ ಟಿಪ್ಪಣಿ. ಹಿಂದೆ ಬಿದ್ದ ಇಂಟರ್ನ್‌ಗೆ ಗಂಟೆಗಟ್ಟಲೆ ಪಾಠ ಮಾಡುವ ಮೊದಲು, ಅವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ನೋಡಿ. ಅದಕ್ಕೆ ಐದು ನಿಮಿಷ ಸಾಕು.

1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್ ಶಿಕ್ಷಕರು ಬರೆದ ‘ಒನ್ ಮಿನಿಟ್ ಪ್ರಿಸೆಪ್ಟರ್’ ವಿಧಾನದಲ್ಲಿ ಐದು ಹೆಜ್ಜೆಗಳಿವೆ. ಅಭಿಪ್ರಾಯ ಕೇಳಿ, ಕಾರಣ ಕೇಳಿ, ಒಂದು ಸಾಮಾನ್ಯ ನಿಯಮ ಹೇಳಿ, ಸರಿ ಮಾಡಿದ್ದನ್ನು ಗುರುತಿಸಿ, ತಪ್ಪನ್ನು ತಿದ್ದಿ. ಅದನ್ನು ಗೋವಾದ ಬಾಂಬೋಲಿಯ ಮೆಡಿಸಿನ್ ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಹೊಂದಿಸಿ ನೋಡೋಣ.

ಮಳೆಗಾಲ. ಝುವಾರಿನಗರದಲ್ಲಿ ಕಟ್ಟಡದ ಕೆಲಸ ಮಾಡುವ ಗದಗ ಕಡೆಯವರೊಬ್ಬರಿಗೆ ನಾಲ್ಕು ದಿನದಿಂದ ಜ್ವರ. ಇಂಟರ್ನ್ ‘ಜ್ವರ, ಮೈಕೈ ನೋವು, ಮೂತ್ರ ಕಡಿಮೆ’ ಎಂದು ಹೇಳಿ ನಿಂತುಬಿಡುತ್ತಾರೆ.

‘ನಿಮಗೆ ಏನನ್ನಿಸುತ್ತೆ?’
‘ಡೆಂಗ್ಯೂ, ಸರ್.’
‘ಯಾಕೆ?’
‘ಈಗ ಎಲ್ಲರಿಗೂ ಅದೇ ಬರ್ತಿದೆಯಲ್ವಾ.’

ಗಂಟು ಇಲ್ಲಿದೆ! ಮಾಹಿತಿ ತಂದಿದ್ದಾರೆ, ಜೋಡಿಸಿಲ್ಲ. ಈ ‘ಯಾಕೆ’ ಕೇಳದೆ ನಾವೇ ಉತ್ತರ ಹೇಳಿಬಿಟ್ಟರೆ ಅದು ಕಾಣುವುದೇ ಇಲ್ಲ. ಈಗ ಇಬ್ಬರೂ ರೋಗಿಯ ಹತ್ತಿರ ಹೋಗಿ. ಮೀನಖಂಡ ಒತ್ತಿದರೆ ಅವರು ‘ಅಯ್ಯೋ’ ಎನ್ನುತ್ತಾರೆ. ಕಣ್ಣು ಕೆಂಪು, ಆದರೆ ಪಿಸುರಿಲ್ಲ. ಪಾಯದ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದೆ ಎಂದು ಅವರೇ ಹೇಳುತ್ತಾರೆ.

ಆಗ ಒಂದೇ ನಿಯಮ ಹೇಳಿ: ಮಳೆಗಾಲದ ಜ್ವರದಲ್ಲಿ ‘ಏನು ಕೆಲಸ, ಯಾವ ನೀರು’ ಅಂತ ಕೇಳದೆ ಬಿಡಬೇಡಿ. ಲೆಪ್ಟೊಸ್ಪೈರೋಸಿಸ್ (ಇಲಿ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ) ಅನುಮಾನ ಬಲವಾಗಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆ್ಯಂಟಿಬಯಾಟಿಕ್ ಶುರು ಮಾಡಬೇಕು. ಡೆಂಗ್ಯೂ ಪರೀಕ್ಷೆಯನ್ನೂ ಕಳಿಸಿ. ಇಲಿಜ್ವರದ ತೀವ್ರ ರೂಪವಾದ ವೈಲ್ಸ್ ರೋಗ, ಕಿಡ್ನಿ ಅಂತ ಪೂರ್ತಿ ಪಾಠ ಈಗ ಬೇಡ, ತಡವರಿಸುವವರ ತಲೆಯಲ್ಲಿ ಅಷ್ಟು ನಿಲ್ಲುವುದಿಲ್ಲ. ‘ಚೆನ್ನಾಗಿ ಮಾಡಿದ್ರಿ’ ಅಂತ ಸುಮ್ನೆ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ‘ಮೂತ್ರದ ಬಗ್ಗೆ ಕೇಳಿದ್ದು ತುಂಬಾ ಮುಖ್ಯವಾಗಿತ್ತು’ ಅನ್ನಿ. ತಿದ್ದುವುದು ರೋಗಿಯ ಮುಂದೆ ಬೇಡ.

ಮಾಹಿತಿಯೇ ತರದವರಿಗೆ ಈ ಪ್ರಶ್ನೆಗಳಿಂದ ಜಾಸ್ತಿ ಉಪಯೋಗವಿಲ್ಲ. ಅವರ ಜೊತೆ ಎರಡು ನಿಮಿಷ ನಿಂತು, ರೋಗಿಯನ್ನು ಮಾತಾಡಿಸುವುದನ್ನು ನೋಡಿ. ಭಾಷೆಯ ತೊಡಕೂ ಇರಬಹುದು. ಕೊಂಕಣಿ, ಮರಾಠಿ ಮಾತ್ರ ಬರುವ ಇಂಟರ್ನ್‌ಗೆ ನಮ್ಮ ಕಡೆಯವರ ‘ಕೈಕಾಲು ಸೆಳೆತ’ ಅರ್ಥವಾಗದೇ ಹೋಗಬಹುದು.

ಓದಿದ್ದು ಗೊತ್ತಿದ್ದೂ ದಿನೇದಿನೇ ಕುಗ್ಗುತ್ತಿದ್ದರೆ ನಿದ್ದೆ, ಊಟ, ಮನೆಯ ವಿಷಯ ಕೇಳಿ. ಅದು ಪಾಠದಿಂದ ಸರಿಹೋಗುವಂಥದ್ದಲ್ಲ, ಅವರ ಮೆಂಟರ್ ಹತ್ತಿರ ಅವತ್ತೇ ಮಾತಾಡಿ.