ಪರ್ಸೆಂಟೇಜ್ ಬಂತು, ವಿಚಾರಣೆ ಎಲ್ಲಿ?

ಥೀಸಿಸ್‌ನಲ್ಲಿ ಕೃತಿಚೌರ್ಯ, ಅಂದರೆ ಬೇರೆಯವರ ಬರಹವನ್ನು ತನ್ನದೆಂದು ಕೊಟ್ಟ ದೂರು ಬಂದರೆ, ಸಾಫ್ಟ್‌ವೇರ್ ತೋರಿಸುವ ಹೋಲಿಕೆಯ ಪರ್ಸೆಂಟೇಜ್ ನೋಡಿಯೇ ತೀರ್ಮಾನಿಸಿದರೆ ಸಾಕೇ, ವಿಚಾರಣೆ ಬೇಡವೇ? ನಮ್ಮ ಕೊಡಗಿನಲ್ಲೂ ಈಗ ಇದೇ ಗೊಂದಲ. ಮೊದಲೆಲ್ಲ ಅಕ್ರಮ ಎಂದರೆ ಪರೀಕ್ಷಾ ಹಾಲ್‌ನಲ್ಲಿ ಸಿಕ್ಕಿದ ಚೀಟಿ. ಸ್ಕ್ವಾಡ್ ಬರುತ್ತಿತ್ತು, ಸಿಕ್ಕಿಬಿದ್ದವರು ಡಿಬಾರ್. ಆದರೂ ಶಿಕ್ಷೆಗೆ ಮುಂಚೆ ವಿದ್ಯಾರ್ಥಿಯ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಘನಶ್ಯಾಮ್ ದಾಸ್ ಗುಪ್ತ ಪ್ರಕರಣದಲ್ಲಿ ಹೇಳಿತ್ತು. ಮುಂದೆ ಕೊಡಗಿನ ಕಾಲೇಜುಗಳು ಮೈಸೂರು ಬಿಟ್ಟು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. 2023ರಲ್ಲಿ ಚಿಕ್ಕಅಳುವಾರದಲ್ಲೇ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು.

ಈಗಿನ ಗೊಂದಲದ ಬೇರು ಇರುವುದು 2018ರಲ್ಲಿ. ಆ ವರ್ಷ ಜುಲೈನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೃತಿಚೌರ್ಯ ತಡೆಯುವ ನಿಯಮ ತಂದಿತು. ಮರು ತಿಂಗಳೇ ಕೊಡಗಿನಲ್ಲಿ ಗುಡ್ಡ ಕುಸಿಯಿತು, ನಿಯಮ ಓದುವ ಸ್ಥಿತಿಯಲ್ಲಿ ಯಾರಿದ್ದರು? ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ಥೀಸಿಸ್ ತಿದ್ದಿ ಆರು ತಿಂಗಳೊಳಗೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು.

ಜನರ ನೆನಪಿನಲ್ಲಿ ಉಳಿದಿದ್ದು ಈ ಅಂಕಿಗಳು ಮಾತ್ರ. ಆದರೆ ಅದೇ ನಿಯಮದಲ್ಲಿ ಇನ್ನೂ ಇದೆ. ದೂರನ್ನು ಮೊದಲು ವಿಭಾಗದ ಸಮಿತಿ ನೋಡಬೇಕು, ಅದರಲ್ಲಿ ಹೊರ ವಿಭಾಗದ ಹಿರಿಯರೊಬ್ಬರು ಇರಬೇಕು. ಸಹಜ ನ್ಯಾಯ ಪಾಲಿಸಿ, ಅಂದರೆ ಆರೋಪ ಹೊತ್ತವರ ಮಾತನ್ನೂ ಕೇಳಿ, 45 ದಿನದಲ್ಲಿ ವರದಿ ಕೊಡಬೇಕು. ಆಮೇಲೆ ಸಂಸ್ಥೆಯ ಸಮಿತಿ.

ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ ಲೆಕ್ಕಕ್ಕೆ ಬರಬಾರದು ಎಂದೂ ಇದೆ. ಇದು ಸಣ್ಣ ವಿಷಯ ಅಲ್ಲ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹಾಡುಗಳ ಬಗ್ಗೆ ಥೀಸಿಸ್ ಬರೆಯುವವರು ಹಾಡನ್ನು ಇದ್ದಂತೆಯೇ ಕೊಡಬೇಕಲ್ವಾ? ಒಂದಕ್ಷರ ಬದಲಿಸಿದರೆ ಅದು ಸಂಶೋಧನೆಯೇ ಅಲ್ಲ. ಉದ್ಧರಣೆ ಬಿಡುವ ಆಯ್ಕೆ ಒತ್ತದೆ ಸಾಫ್ಟ್‌ವೇರ್ ಓಡಿಸಿದರೆ ಆ ಸಾಲುಗಳೆಲ್ಲ ಕದ್ದ ಮಾಲಿನಂತೆ ಬಣ್ಣ ಹಚ್ಚಿಕೊಂಡು ಬರುತ್ತವೆ.

ಸಣ್ಣ ಊರಿನ ಕಷ್ಟ ಇನ್ನೊಂದು. ವಿಭಾಗದ ಸಮಿತಿಗೆ ಮುಖ್ಯಸ್ಥರೇ ಅಧ್ಯಕ್ಷರು. ಕಾಯಂ ಅಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರೇ ಜಾಸ್ತಿ ಇರುವ ಕಡೆ ಗೈಡ್, ಮುಖ್ಯಸ್ಥರು ಒಬ್ಬರೇ ಆಗಬಹುದು. ಆಗ ವಿದ್ಯಾರ್ಥಿ ಯಾರ ಮುಂದೆ ಬಾಯಿ ಬಿಡಬೇಕು? ದೂರು ಕೊಟ್ಟವರಿಗೂ ಅದೇ ಇಕ್ಕಟ್ಟು. ಹೊರಗಿನ ಸದಸ್ಯರು ಸುಮ್ನೆ ಸಹಿಗೆ ಬರಬಾರದು, ವರದಿಯನ್ನು ಪುಟ ಪುಟ ತಿರುವಿ ನೋಡಬೇಕು.

ಈಗ ಎಐ ಸೇರಿದೆ. 2018ರ ನಿಯಮದಲ್ಲಿ ಅದರ ಮಾತೇ ಇಲ್ಲ. ಹೋಲಿಕೆ ವರದಿಯಲ್ಲಾದರೆ ಮೂಲ ತೆರೆದು ನೋಡಿ ಉತ್ತರ ಕೊಡಬಹುದು. ಎಐ ಪತ್ತೆಯ ಶೇಕಡಾವಾರಿಗೆ ತೆರೆದು ನೋಡಲು ಮೂಲವೇ ಇರುವುದಿಲ್ಲ. ಅಂಥ ಕಡೆ ವಿದ್ಯಾರ್ಥಿಯ ಹಳೆಯ ಡ್ರಾಫ್ಟ್, ಕ್ಷೇತ್ರಕಾರ್ಯದ ಟಿಪ್ಪಣಿ ತರಿಸಿ ನೋಡದೆ, ಎದುರು ಕೂರಿಸಿ ಪ್ರಶ್ನೆ ಕೇಳದೆ ತೀರ್ಮಾನ ಬರೆಯುವಂತಿಲ್ಲ.